ಚಿಕ್ಕ ಮನೆಗೆ ಪೀಠೋಪಕರಣ: ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ | ಬರೆದವರು: ಹೊಸಿಲು

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಾನು ಮತ್ತು ನನ್ನ ಪತಿ ಈಗಿರುವ ಮನೆಗಿಂತ ಬಹಳ ಚಿಕ್ಕದಾದ, ಒಂದೇ ಮಲಗುವ ಕೋಣೆಯ ಮನೆಗೆ ಹೋಗುತ್ತಿದ್ದೇವೆ. ಹಾಲ್ 10 ಅಡಿ ಅಗಲ, 13 ಅಡಿ ಉದ್ದವಿದೆ. 10 ಅಡಿಯ ಗೋಡೆಯ ಎಡತುದಿಯಲ್ಲಿ ಮುಂಬಾಗಿಲು, ಅದರ ಎದುರಿನ ಗೋಡೆಯಲ್ಲಿ ಕಿಟಕಿ. ಎಡಗಡೆಯ ಉದ್ದ ಗೋಡೆಯಲ್ಲಿ ಮೊದಲು ಮಲಗುವ ಕೋಣೆಯ ಬಾಗಿಲು, ಕೊನೆಗೆ ಅಡುಗೆಮನೆಯ ಬಾಗಿಲು. ಬಲಗಡೆಯ ಉದ್ದ ಗೋಡೆ ಪೂರ್ತಿ ಖಾಲಿ ಇದೆ. ಮಲಗುವ ಕೋಣೆ ಒಂಬತ್ತೂವರೆ ಅಡಿ ಅಗಲ, 10 ಅಡಿ ಉದ್ದ. ಬಾಗಿಲು ಅದರ ಒಂದು ಮೂಲೆಗೆ ಬರುತ್ತದೆ.

ನಮ್ಮ ಬಳಿ ಈಗ 7 ಅಡಿ ಉದ್ದದ ಸೋಫಾ, ಆರು ಕುರ್ಚಿಗಳ ಊಟದ ಮೇಜು, ಗಾಜಿನ ಟೀಪಾಯಿ ಮತ್ತು ಎರಡು ಬೀರುಗಳಿವೆ. ಇವೆಲ್ಲವನ್ನೂ ತುಂಬಿದರೆ ಹೊಸ ಮನೆ ಗೋದಾಮಿನಂತೆ ಕಾಣುವುದರಲ್ಲಿ ಸಂಶಯವಿಲ್ಲ. ಓದಿದ ಕಡೆಯೆಲ್ಲ ಸಿಗುವ ಸಲಹೆ ಒಂದೇ: ಎಲ್ಲವನ್ನೂ ಚಿಕ್ಕದಾಗಿ ಕೊಳ್ಳಿ, ಬಿಳಿ ಬಣ್ಣ ಬಳಸಿ, ದೊಡ್ಡ ಕನ್ನಡಿ ತೂಗುಹಾಕಿ. ಇಷ್ಟರಿಂದಲೇ ಮನೆ ವಿಶಾಲವಾಗಿ ಕಾಣುತ್ತದೆಯೇ? ವರ್ಷಕ್ಕೆ ಮೂರು ನಾಲ್ಕು ಬಾರಿ ಅಕ್ಕ, ಭಾವ ಮತ್ತು ಅವರ ಇಬ್ಬರು ಮಕ್ಕಳು ಬಂದು ಉಳಿಯುವುದರಿಂದ ಹಾಸಿಗೆಯಾಗಿ ಬಿಚ್ಚಿಕೊಳ್ಳುವ ಸೋಫಾ ಕೊಳ್ಳುವ ಯೋಚನೆಯೂ ಇದೆ. ಇಂಥ ಮನೆಯಲ್ಲಿ ಬದುಕಿದವರು ಅಥವಾ ಈ ಕೆಲಸ ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 | ಬರೆದವರು: ಅಳತೆಪಟ್ಟಿ

ಒಳಾಂಗಣ ವಿನ್ಯಾಸ ನನ್ನ ವೃತ್ತಿ. ನೀವು ಬಾಗಿಲುಗಳ ಜಾಗವನ್ನೂ ಹೇಳಿರುವುದರಿಂದ ಉತ್ತರಿಸುವುದು ಸುಲಭವಾಯಿತು; ಹೆಚ್ಚಿನವರು ಕೋಣೆಯ ಉದ್ದ ಅಗಲವನ್ನಷ್ಟೇ ಹೇಳಿ ಸುಮ್ಮನಾಗುತ್ತಾರೆ. ಒಂದು ಕೋಣೆ ಇಕ್ಕಟ್ಟೆನಿಸುವುದಕ್ಕೂ ಅದರ ಚದರ ಅಡಿಗೂ ಇರುವ ಸಂಬಂಧ ನಾವು ಭಾವಿಸುವಷ್ಟು ನೇರವಲ್ಲ. ನಡೆಯುವಾಗ ಮೈಯನ್ನು ಓರೆ ಮಾಡಬೇಕಾಗಿ ಬಂದರೆ, ಕುರ್ಚಿ ಎಳೆದಾಗ ಇನ್ನೊಬ್ಬರು ಎದ್ದು ದಾರಿ ಬಿಡಬೇಕಾಗಿ ಬಂದರೆ, ಕಪಾಟಿನ ಬಾಗಿಲು ಮಂಚಕ್ಕೆ ಬಡಿದರೆ, ಆ ಕೋಣೆ ಎಷ್ಟು ದೊಡ್ಡದಿದ್ದರೂ ಇಕ್ಕಟ್ಟೇ. ಆದ್ದರಿಂದ ಮೊದಲು ದಾರಿಯನ್ನು ಗುರುತಿಸಿ, ಉಳಿದ ಜಾಗದಲ್ಲಿ ಪೀಠೋಪಕರಣ ಇಡಬೇಕು.

ನಿಮ್ಮ ಹಾಲಿನ ಮೂರು ಬಾಗಿಲುಗಳೂ ಎಡಗಡೆಗೇ ಇರುವುದು ನಿಮ್ಮ ಅದೃಷ್ಟ, ಏಕೆಂದರೆ ಓಡಾಟವೆಲ್ಲ ಎಡಗೋಡೆಯ ಉದ್ದಕ್ಕೂ ಒಂದೇ ಪಟ್ಟಿಯಲ್ಲಿ ಮುಗಿಯುತ್ತದೆ. ಆ ಪಟ್ಟಿಗೆ 36 ಇಂಚು ಬಿಡಿ. 30 ಇಂಚಿನಲ್ಲಿಯೂ ಒಬ್ಬರು ಆರಾಮಾಗಿ ನಡೆಯಬಹುದು; 24 ಇಂಚಿಗೆ ಇಳಿದರೆ ಕೈಯಲ್ಲಿ ಬಟ್ಟೆಯ ಬುಟ್ಟಿ ಹಿಡಿದು ಹೋಗುವಾಗ ಅಂಚುಗಳು ತಾಗತೊಡಗುತ್ತವೆ.

ಈಗ ನಿಮ್ಮ ಸೋಫಾದ ಲೆಕ್ಕ ನೋಡೋಣ. 7 ಅಡಿ ಎಂದರೆ 84 ಇಂಚು. ಹಳೆಯ ಮಾದರಿಯ ದಪ್ಪ ಕೈಗಳು ತಲಾ 10 ಇಂಚು ತಿನ್ನುತ್ತವೆ ಎಂದುಕೊಂಡರೆ ಕೂರಲು ಸಿಗುವುದು 64 ಇಂಚು ಮಾತ್ರ, ಅಂದರೆ ಮೂವರಿಗೆ ತಲಾ 21 ಇಂಚಿನಷ್ಟು. ಅದೇ ಮೂವರಿಗೆ ಅದೇ 64 ಇಂಚು ಕೊಟ್ಟು ಕೈಗಳನ್ನು ತಲಾ 4 ಇಂಚಿಗೆ ಇಳಿಸಿದರೆ ಒಟ್ಟು ಉದ್ದ 72 ಇಂಚಾಗುತ್ತದೆ. ಕೂರುವವರಿಗೆ ಏನೂ ಕಡಿಮೆಯಾಗದೆ ಕೋಣೆಗೆ ಒಂದು ಅಡಿ ಮರಳಿ ಸಿಕ್ಕಿತು. ಒರಗುವ ಭಾಗದ ದಪ್ಪದಲ್ಲಿಯೂ ಹೀಗೆಯೇ: ಹೊರ ಅಳತೆಯಲ್ಲಿ 38 ಇಂಚು ಆಳವಿರುವ ಸೋಫಾಕ್ಕೂ 32 ಇಂಚಿನದಕ್ಕೂ ಕೂರುವ ಆಳ ಹೆಚ್ಚುಕಡಿಮೆ ಒಂದೇ ಇರಬಹುದು, ವ್ಯತ್ಯಾಸವೆಲ್ಲ ಬೆನ್ನ ಹಿಂದಿನ ಹತ್ತಿಯಲ್ಲಿರುತ್ತದೆ. ಅಂಗಡಿಯಲ್ಲಿ ಕೂತು ನೋಡುವವರು ಮೆತ್ತಗಿದೆಯೇ ಎಂದು ನೋಡುತ್ತಾರೆಯೇ ಹೊರತು ಟೇಪು ಹಿಡಿದು ಕೈಯ ಅಗಲ ಅಳೆಯುವುದನ್ನು ನಾನು ಕಂಡಿರುವುದು ಬಹಳ ಕಡಿಮೆ.

ಇಂಥ 72 ಇಂಚಿನ ಸೋಫಾವನ್ನು ಬಲಗೋಡೆಗೆ, ಮುಂಬಾಗಿಲಿನ ಕಡೆಯ ಮೂಲೆಗೆ ಒತ್ತಿ ಇಟ್ಟರೆ 13 ಅಡಿ ಗೋಡೆಯಲ್ಲಿ ಕಿಟಕಿಯ ಕಡೆಗೆ 84 ಇಂಚು ಉಳಿಯುತ್ತದೆ. ಕಿಟಕಿಯ ಕೆಳಗೆ 16 ಇಂಚಿನ ಬೆಂಚು, ಅದರ ಮುಂದೆ 30 ಇಂಚು ಅಗಲ, 48 ಇಂಚು ಉದ್ದದ ಮೇಜು, ಈಚೆ ಬದಿಯ ಕುರ್ಚಿ ಎಳೆದು ಏಳಲು ಇನ್ನೊಂದು 30 ಇಂಚು, ಒಟ್ಟು 76. ಎಂಟು ಇಂಚು ಮಿಗುತ್ತದೆ. ಬೆಂಚನ್ನು ಗೋಡೆಗೆ ಕೂಡಿಸುವುದರ ಲಾಭವೇ ಇದು. ಅದನ್ನು ಯಾರೂ ಹಿಂದಕ್ಕೆ ಎಳೆಯುವುದಿಲ್ಲವಾದ್ದರಿಂದ ಆ ಬದಿಗೆ ಎಳೆಯುವ ಜಾಗವೇ ಬೇಡ. ಒಬ್ಬರಿಗೆ ಮೇಜಿನ ಅಂಚಿನಲ್ಲಿ 24 ಇಂಚು ಎಂಬ ಲೆಕ್ಕದಂತೆ ನಾಲ್ವರು ಸಲೀಸಾಗಿ ಕೂರಬಹುದು. ಆರು ಕುರ್ಚಿಯ ಮೇಜನ್ನು ದಯವಿಟ್ಟು ಬಿಟ್ಟುಬಿಡಿ.

ಮೇಜಿನ ಕಾಲುಗಳ ಬಗ್ಗೆಯೂ ಒಂದು ಮಾತು. ನಾಲ್ಕು ಕುರ್ಚಿಗಳ ಹದಿನಾರು ಕಾಲು, ಮೇಜಿನ ನಾಲ್ಕು, ಒಟ್ಟು ಇಪ್ಪತ್ತು ಕಾಲುಗಳ ಕಾಡು ನೆಲದ ಮೇಲೆ ನಿಂತಿರುತ್ತದೆ. ವಾಸ್ತುಶಿಲ್ಪಿ ಈರೋ ಸಾರಿನೆನ್ 1950ರ ದಶಕದಲ್ಲಿ ಒಂಟಿ ಕಂಬದ ಮೇಲೆ ನಿಲ್ಲುವ ಮೇಜು ಕುರ್ಚಿಗಳನ್ನು ರೂಪಿಸಿದ್ದು ಈ ಗೊಂದಲವನ್ನು ತೊಡೆಯಲೆಂದೇ. ನೀವು ಮೇಜೊಂದನ್ನು ಮಾತ್ರ ಹಾಗೆ ಆರಿಸಿಕೊಂಡರೂ ಬೆಂಚಿಗೆ ಜಾರಿಕೊಂಡು ಹೋಗಿ ಕೂರುವಾಗ ಮೊಣಕಾಲಿಗೆ ಮೇಜಿನ ಕಾಲು ಅಡ್ಡ ಬರುವುದಿಲ್ಲ.

ಟೀಪಾಯಿಯೂ ಬೇಡವೆಂದೇ ನನ್ನ ಅಭಿಪ್ರಾಯ. ಸೋಫಾಕ್ಕೂ ಟೀಪಾಯಿಗೂ ನಡುವೆ 16ರಿಂದ 18 ಇಂಚು ಅಂತರ ಬೇಕು. ಆಮೇಲೆ ಟೀಪಾಯಿಯ ಅಗಲ, ಆಮೇಲೆ ದಾರಿ. ಎಡಗೋಡೆಗೆ ಟಿವಿಯ ಕಪಾಟು ಬಂದರೆ ಇಷ್ಟೆಲ್ಲ ಹಿಡಿಯುವುದಿಲ್ಲ. ಬದಲಿಗೆ, ಒಂದು ಬದಿಯಲ್ಲಿ ಮಾತ್ರ ಕಂಬವಿದ್ದು, ಪಾದ ಸೋಫಾದ ಅಡಿಗೆ ಜಾರಿ, ಮೇಲ್ಭಾಗ ನಿಮ್ಮ ತೊಡೆಯ ಮೇಲಕ್ಕೆ ಬರುವಂಥ ಚಿಕ್ಕ ಮೇಜು ತೆಗೆದುಕೊಳ್ಳಿ. ಐಲೀನ್ ಗ್ರೇ 1920ರ ದಶಕದಲ್ಲಿ ಮಾಡಿದ ಉಕ್ಕಿನ ಕೊಳವೆಯ, ಎತ್ತರ ಹೊಂದಿಸಬಹುದಾದ ಮೇಜು ಇದೇ ಬಗೆಯದು. ಸುಮಾರು ನೂರು ವರ್ಷವಾದರೂ ಚಿಕ್ಕ ಮನೆಗೆ ಅದಕ್ಕಿಂತ ಹೊಂದುವ ಮೇಜನ್ನು ನಾನು ನೋಡಿಲ್ಲ. ಆದರೆ ಇದಕ್ಕೆ ಸೋಫಾದ ಅಡಿಯಲ್ಲಿ ಕೆಲವು ಇಂಚಾದರೂ ಸಂದು ಇರಬೇಕೆಂಬುದನ್ನು ಮರೆಯಬೇಡಿ.

ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಹಳೆಯ ಪತ್ರಿಕೆಗಳನ್ನು ಅಂಟಿಸಿ ಪ್ರತಿಯೊಂದು ವಸ್ತುವಿನ ನಿಜವಾದ ಅಳತೆಗೆ ಕತ್ತರಿಸಿ, ಖಾಲಿ ಮನೆಯ ನೆಲಕ್ಕೆ ಹಾಸಿ, ಒಂದೆರಡು ದಿನ ಅದರ ನಡುವೆ ಓಡಾಡಿ ನೋಡಿ. ಮುಚ್ಚಿದಾಗಿನ ಅಳತೆಯಷ್ಟೇ ಸಾಲದು. ತೆರೆದ ಬಾಗಿಲು, ಎಳೆದ ಡ್ರಾಯರ್, ಹಿಂದೆ ಸರಿಸಿದ ಕುರ್ಚಿಯ ಅಳತೆಗೂ ಕಾಗದ ಹಾಸಿ.

ಉತ್ತರ 2 | ಬರೆದವರು: ಒಂದೂವರೆ ಕೋಣೆ

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಬಿಚ್ಚಿಕೊಳ್ಳುವ ಸೋಫಾದ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ನನ್ನ ಅನುಭವ ಬರೆಯುತ್ತಿದ್ದೇನೆ.

ನಾನು ಒಬ್ಬನೇ ಇದ್ದ ಮನೆಗೆ ಮಂಚವೇ ಬೇಡವೆಂದು ನಿರ್ಧರಿಸಿ ಅಂಥದೊಂದು ಸೋಫಾ ಕೊಂಡೆ. ಅಂಗಡಿಯಾತ ಒಂದೇ ಕೈಯಲ್ಲಿ ಎಳೆದು ತೋರಿಸಿದ್ದ. ಮನೆಯಲ್ಲಿ ಹಾಗೆ ಎಳೆಯಬೇಕಾದರೆ ಮೊದಲು ಟೀಪಾಯಿಯ ಮೇಲಿದ್ದ ಪುಸ್ತಕಗಳನ್ನು ಕೆಳಗಿಳಿಸಬೇಕು, ಟೀಪಾಯಿಯನ್ನು ಗೋಡೆಗೆ ಸರಿಸಬೇಕು, ಮೂರು ದಿಂಬುಗಳನ್ನು ಕುರ್ಚಿಯ ಮೇಲೆ ಪೇರಿಸಬೇಕು, ಚಾಪೆಯ ಅಂಚು ಚಕ್ರಕ್ಕೆ ಸಿಕ್ಕದಂತೆ ಮಡಚಬೇಕು. ಬೆಳಿಗ್ಗೆ ಇದೆಲ್ಲವನ್ನೂ ತಿರುಗಾಮುರುಗಾ ಮಾಡಬೇಕು. ಮೊದಲ ತಿಂಗಳು ಶ್ರದ್ಧೆಯಿಂದ ಮಾಡಿದೆ. ಎರಡನೆಯ ತಿಂಗಳು ಭಾನುವಾರಗಳಂದು ಹಾಗೆಯೇ ಬಿಟ್ಟೆ. ಮೂರನೆಯ ತಿಂಗಳ ಹೊತ್ತಿಗೆ ಅದು ಮಡಚುವುದನ್ನೇ ಮರೆತ ಮಂಚವಾಗಿತ್ತು, ಬಂದವರು ಅದರ ಅಂಚಿಗೆ ಕಾಲು ಇಳಿಬಿಟ್ಟು ಕೂರುತ್ತಿದ್ದರು. ಕೂರಲು ತೀರಾ ಆಳ, ಮಲಗಲು ನಡುವೆ ಒಂದು ಏಣು. ಒಟ್ಟಿನಲ್ಲಿ ಅತ್ತ ಸೋಫಾವೂ ಅಲ್ಲ, ಇತ್ತ ಮಂಚವೂ ಅಲ್ಲ.

ಮಡಚುವ ವಸ್ತುಗಳೆಲ್ಲವೂ ಕೆಟ್ಟವೆಂದು ನಾನು ಹೇಳುತ್ತಿಲ್ಲ. ದಿನವೂ ಮಡಚಬೇಕಾದ ವಸ್ತುವಾದರೆ ಅದರ ಮೇಲೆ ಮತ್ತು ಮುಂದೆ ಏನೂ ಇರಬಾರದು, ಒಂದೇ ಚಲನೆಯಲ್ಲಿ ಕೆಲಸ ಮುಗಿಯಬೇಕು. ಗೋಡೆಯೊಳಕ್ಕೆ ಎದ್ದು ನಿಲ್ಲುವ ಮಂಚವನ್ನು 20ನೆಯ ಶತಮಾನದ ಆರಂಭದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಿಲಿಯಂ ಮರ್ಫಿ ಎಂಬವರು ಜನಪ್ರಿಯಗೊಳಿಸಿದರಷ್ಟೆ. ಅದರಲ್ಲಿ ಹಾಸಿಗೆ, ಹೊದಿಕೆಗಳನ್ನು ಪಟ್ಟಿಯಿಂದ ಬಿಗಿದು ಹಾಗೆಯೇ ಮೇಲೆತ್ತಬಹುದಾದ್ದರಿಂದ ಅದು ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ನಿಮಗೆ ವರ್ಷಕ್ಕೆ ಮೂರು ನಾಲ್ಕು ಬಾರಿ ಮಾತ್ರ ಬೇಕಾಗುವ ಸೌಕರ್ಯಕ್ಕಾಗಿ ವರ್ಷವಿಡೀ ಭಾರವಾದ, ಕೂರಲು ಅಷ್ಟಕ್ಕಷ್ಟೇ ಆದ ಸೋಫಾವನ್ನು ಸಹಿಸಬೇಕಾಗಿಲ್ಲ. ಮೂರು ಮಡಿಕೆಯ ಹಾಸಿಗೆಗಳೆರಡನ್ನು ಮಂಚದ ಕೆಳಗಿನ ಪೆಟ್ಟಿಗೆಯಲ್ಲಿಟ್ಟರೆ ಸಾಕು. ಹಾಲಿನಲ್ಲಿ ಟೀಪಾಯಿ ಇಲ್ಲದಿದ್ದರೆ ಅವುಗಳನ್ನು ಹಾಸಲು ನೆಲ ಸಿಕ್ಕೇ ಸಿಗುತ್ತದೆ.

ಉತ್ತರ 3 | ಬರೆದವರು: ಬೆಳಕಿನ ಬದಿ

ನೀವು ಓದಿದ ಮೂರು ಸಲಹೆಗಳಲ್ಲಿ ಎರಡು ಅರ್ಧ ಸತ್ಯ, ಒಂದು ಪೂರ್ತಿ ತಪ್ಪು. ತಪ್ಪಾದದ್ದು ಎಲ್ಲವನ್ನೂ ಚಿಕ್ಕದಾಗಿ ಕೊಳ್ಳಿ ಎಂಬುದು. ಒಂದು ಪುಟ್ಟ ಸೋಫಾ, ಎರಡು ಮೋಡಾ, ಒಂದು ಸ್ಟೂಲು, ಮೂಲೆಗೊಂದು ಗೂಡು, ಅದರ ಪಕ್ಕದಲ್ಲಿ ಇನ್ನೊಂದು ಗೂಡು ಎಂದು ಜೋಡಿಸುತ್ತಾ ಹೋದರೆ ಕಣ್ಣು ಎಲ್ಲಿಯೂ ನಿಲ್ಲದೆ ಒಂದರಿಂದ ಒಂದಕ್ಕೆ ಎಡವುತ್ತಲೇ ಇರುತ್ತದೆ. ಗೋಡೆಯಿಂದ ಗೋಡೆಗೆ ಹಬ್ಬಿದ ಒಂದೇ ಕಪಾಟು, ಒಂದೇ ನೇರ ಸೋಫಾ ಇರುವ ಕೋಣೆ ಅದಕ್ಕಿಂತ ಎಷ್ಟೋ ಶಾಂತವಾಗಿ ಕಾಣುತ್ತದೆ.

ಬಣ್ಣದ ವಿಷಯದಲ್ಲಿ ಬಿಳಿಯೇ ಆಗಬೇಕೆಂದಿಲ್ಲ. ದೊಡ್ಡ ಕಪಾಟು ಯಾವ ಗೋಡೆಗೆ ನಿಂತಿದೆಯೋ ಆ ಗೋಡೆಯ ಬಣ್ಣವೇ ಅದಕ್ಕೂ ಇರಬೇಕು. ಆಗ ಅದರ ಅಂಚು ಗೋಡೆಯಲ್ಲಿ ಕರಗಿ, ಪೆಟ್ಟಿಗೆಯೊಂದನ್ನು ತಂದಿಟ್ಟಂತೆ ಕಾಣುವುದಿಲ್ಲ. ಕನ್ನಡಿಯ ಬಗ್ಗೆ ಹೇಳುವುದಾದರೆ, ಅದು ತನ್ನ ಎದುರಿಗಿರುವುದನ್ನು ಎರಡಾಗಿಸುತ್ತದೆ ಅಷ್ಟೇ. ಕಿಟಕಿಯ ಎದುರಿಗಿಟ್ಟರೆ ಕಿಟಕಿ ಎರಡಾಗುತ್ತದೆ. ಬಟ್ಟೆ ತೂಗುಹಾಕುವ ಗೂಟದ ಎದುರಿಗಿಟ್ಟರೆ ಬಟ್ಟೆಯ ರಾಶಿ ಎರಡಾಗುತ್ತದೆ. ನಿಮ್ಮ ಮುಂಬಾಗಿಲಿನ ಪಕ್ಕದಲ್ಲಿ, ಕಿಟಕಿಗೆ ಮುಖ ಮಾಡಿರುವ ಗೋಡೆಯ ತುಂಡು ಅದಕ್ಕೆ ಸರಿಯಾದ ಜಾಗ. ಪರದೆಯ ಕೋಲನ್ನು ಕಿಟಕಿಯ ಅಗಲಕ್ಕಿಂತ ಎರಡೂ ಬದಿಗೆ ಕೆಲವು ಇಂಚು ಹೊರಕ್ಕೆ ಚಾಚಿಸಿ. ಪರದೆ ಸರಿಸಿದಾಗ ಬಟ್ಟೆ ಗಾಜನ್ನು ಬಿಟ್ಟು ಗೋಡೆಯ ಮೇಲೆ ನಿಲ್ಲಬೇಕು.

ನೆಲ ಎಷ್ಟು ಕಾಣುತ್ತದೆ ಎಂಬುದು ನನ್ನ ದೃಷ್ಟಿಯಲ್ಲಿ ಬಣ್ಣ, ಕನ್ನಡಿಗಳೆರಡಕ್ಕಿಂತಲೂ ಮುಖ್ಯ. ಆರು ಇಂಚು ಕಾಲಿನ ಮೇಲೆ ನಿಂತ ಸೋಫಾದ ಕೆಳಗೆ ನೆಲ ಗೋಡೆಯವರೆಗೂ ಓಡುವುದು ಕಾಣುತ್ತದೆ, ಒರೆಸುವ ಕೋಲೂ ಅಲ್ಲಿಯವರೆಗೆ ಹೋಗುತ್ತದೆ. ಎರಡು ಇಂಚಿನ ಕಾಲು ಮಾತ್ರ ಬೇಡ. ನೆಲವೂ ಕಾಣದು, ಕೋಲೂ ಹೋಗದು, ದೂಳಿಗೆ ಮಾತ್ರ ಸುಖ.

ಉತ್ತರ 4 | ಬರೆದವರು: ಉಳಿ ಸುತ್ತಿಗೆ

ನಾನು ಮರಗೆಲಸದವನು. ಹಾಲಿನ ವಿಷಯ ಮೇಲಿನವರು ಹೇಳಿ ಮುಗಿಸಿದ್ದಾರೆ. ನಿಮ್ಮ ಮಲಗುವ ಕೋಣೆಯ ಬಗ್ಗೆ ಯಾರೂ ಮಾತನಾಡಿಲ್ಲ, ಕಷ್ಟವಿರುವುದು ಅಲ್ಲಿಯೇ.

ಅಗಲ 114 ಇಂಚು, ಉದ್ದ 120 ಇಂಚು. ಇಬ್ಬರು ಮಲಗುವ ಹಾಸಿಗೆ 60 ಇಂಚು ಅಗಲ, 78 ಇಂಚು ಉದ್ದ. ತಲೆಯ ಹಲಗೆ ಸೇರಿ ಮಂಚ 82 ಇಂಚಾಗುತ್ತದೆ. ಕಾಲಿನ ಕಡೆ 38 ಇಂಚು ಉಳಿಯುತ್ತದೆ. ಬಟ್ಟೆಯನ್ನು ಹ್ಯಾಂಗರಿನಲ್ಲಿ ತೂಗುಹಾಕುವ ಬೀರು 24 ಇಂಚು ಆಳ ಬೇಡುತ್ತದೆ. ಅದನ್ನು ಕಾಲಿನ ಕಡೆ ಇಟ್ಟರೆ ಮಿಗುವುದು 14 ಇಂಚು, ಅಲ್ಲಿ ನಿಂತು ಬೀರು ತೆರೆಯುವುದು ಯಾರಿಂದಲೂ ಆಗದ ಕೆಲಸ. ಆದ್ದರಿಂದ ಮಂಚವನ್ನು ಒಂದು ಬದಿಯ ಗೋಡೆಗೆ ಸರಿಸಿ, ಎದುರು ಬದಿಯ ಗೋಡೆಗೆ ಬೀರು ಕೂಡಿಸಿ. ನಡುವೆ 30 ಇಂಚು ಸಿಗುತ್ತದೆ. ಬೀರಿನ ಬಾಗಿಲುಗಳು ತಲಾ 18 ಇಂಚಿನವಾದರೆ ಮಂಚಕ್ಕೆ ತಾಗದೆ ತೆರೆಯುತ್ತವೆ. ಕೋಣೆಯ ಬಾಗಿಲು ಬೀರಿನ ಗೋಡೆಯ ಕಾಲಿನ ಕಡೆಯ ಮೂಲೆಗೆ ಬರುವಂತೆ ಮಂಚದ ತಲೆಯನ್ನು ಎದುರು ಗೋಡೆಗಿಟ್ಟರೆ ಆರು ಅಡಿ ಉದ್ದದ ಬೀರು ಧಾರಾಳವಾಗಿ ಹಿಡಿಯುತ್ತದೆ. ಇದರ ಅನನುಕೂಲ ಒಂದೇ: ಗೋಡೆಯ ಕಡೆ ಮಲಗುವವರು ರಾತ್ರಿ ಎದ್ದರೆ ಇನ್ನೊಬ್ಬರನ್ನು ದಾಟಬೇಕು. ಯಾರು ಆ ಕಡೆ ಎಂಬುದನ್ನು ನೀವಿಬ್ಬರೇ ತೀರ್ಮಾನಿಸಿಕೊಳ್ಳಬೇಕು.

ಜಾರುವ ಬಾಗಿಲು ಹಾಕಿಸಿ ಎಂದು ಎಲ್ಲರೂ ಕೇಳುತ್ತಾರೆ. 30 ಇಂಚು ಇರುವಾಗ ಅದರ ಅಗತ್ಯವಿಲ್ಲ. ಜಾರುವ ಬಾಗಿಲಿನಲ್ಲಿ ಒಂದು ಬಾರಿಗೆ ಅರ್ಧ ಬೀರು ಮಾತ್ರ ತೆರೆಯುತ್ತದೆ. ಎರಡು ಹಳಿಗಳಿಗಾಗಿ ಆಳವೂ ಹೆಚ್ಚು ಬೇಕು. ಹಾಗೆಯೇ, ಮಂಚದ ಕೆಳಗೆ ಡ್ರಾಯರ್ ಮಾಡಿಸಿದರೆ ಈ 30 ಇಂಚಿನೊಳಗೇ ಅದು ಹೊರಬರಬೇಕಾದ್ದರಿಂದ ಪೂರ್ತಿ ಅಗಲದ ಡ್ರಾಯರ್ ಸಾಧ್ಯವಿಲ್ಲ. ಮೇಲಕ್ಕೆ ಎತ್ತುವ ಹಲಗೆಯೇ ಮೇಲು. ಅತಿಥಿಗಳ ಹಾಸಿಗೆಯಂಥ ಅಪರೂಪಕ್ಕೆ ಬೇಕಾಗುವುದನ್ನು ಅಲ್ಲಿಡಬಹುದು. ಎತ್ತಲು ನೆರವಾಗುವ ಗ್ಯಾಸಿನ ಕೊಳವೆಗಳನ್ನು ಹಾಸಿಗೆಯ ತೂಕಕ್ಕೆ ತಕ್ಕಂತೆ ಆರಿಸಬೇಕು. ಹಾಸಿಗೆ ಕೊಳ್ಳುವ ಮೊದಲೇ ಅವುಗಳನ್ನು ಕೂಡಿಸಿದರೆ ಹಲಗೆ ಒಂದೋ ಏಳುವುದಿಲ್ಲ, ಇಲ್ಲವೇ ಮುಚ್ಚಿಕೊಳ್ಳುವುದಿಲ್ಲ.

ಬೀರನ್ನು ಛಾವಣಿಯವರೆಗೂ ಕಟ್ಟಿಸಿ. ಆರೂವರೆ ಅಡಿಗೆ ನಿಲ್ಲಿಸಿದರೆ ಅದರ ತಲೆಯ ಮೇಲೆ ಸೂಟ್‌ಕೇಸು, ರಟ್ಟಿನ ಪೆಟ್ಟಿಗೆಗಳು ಏರುವುದು ಖಚಿತ, ಮನೆಯನ್ನು ಚಿಕ್ಕದಾಗಿ ಕಾಣಿಸುವುದರಲ್ಲಿ ಆ ರಾಶಿಯನ್ನು ಮೀರಿಸುವುದು ಯಾವುದೂ ಇಲ್ಲ. ಬಿಡಿಯಾಗಿ ನಿಲ್ಲುವ ಎತ್ತರದ ಕಪಾಟು ಏನಾದರೂ ಇದ್ದರೆ ಅದನ್ನು ಗೋಡೆಗೆ ಬಿಗಿಸಲೇಬೇಕು; ನಿಮ್ಮ ಅಕ್ಕನ ಮಕ್ಕಳು ಡ್ರಾಯರ್ ಎಳೆದು ಮೆಟ್ಟಿಲಿನಂತೆ ಹತ್ತಿದರೆ ಅದು ಮುಂದಕ್ಕೆ ಮಗುಚುತ್ತದೆ. ಪುಸ್ತಕದ ಗೂಡಿಗೆ 10ರಿಂದ 12 ಇಂಚು ಆಳ ಸಾಕು. 18 ಮಿಲಿಮೀಟರ್ ಪ್ಲೈವುಡ್ಡನ್ನು ನಡುವೆ ಆಸರೆಯಿಲ್ಲದೆ ಮೂರು ಅಡಿಗಿಂತ ಉದ್ದ ಬಿಟ್ಟರೆ ಪುಸ್ತಕದ ಭಾರಕ್ಕೆ ಕ್ರಮೇಣ ಬಾಗುತ್ತದೆ.

ಇನ್ನೊಂದು ವಿಷಯ. ಕೊಂಡ ಸೋಫಾ ನಿಮ್ಮ ಮುಂಬಾಗಿಲಿನಲ್ಲಿ, ಮೆಟ್ಟಿಲಿನ ತಿರುವಿನಲ್ಲಿ ನುಸುಳುತ್ತದೆಯೇ ಎಂಬುದನ್ನು ಹಣ ಕೊಡುವ ಮೊದಲು ಅಳೆಯಿರಿ. ಬಿಚ್ಚಿ ಜೋಡಿಸುವ ಕಾಲುಗಳಿದ್ದರೆ ಎಷ್ಟೋ ಬಾರಿ ಅಷ್ಟರಿಂದಲೇ ಕೆಲಸವಾಗುತ್ತದೆ.

ಪ್ರಶ್ನೆ ಕೇಳಿದವರ ಮರುಬರಹ | ಹೊಸಿಲು

ನಾಲ್ವರಿಗೂ ಕೃತಜ್ಞತೆಗಳು. ಕೀಲಿಕೈ ಮೊದಲೇ ಸಿಕ್ಕಿದ್ದರಿಂದ ಕಳೆದ ವಾರ ಪತ್ರಿಕೆಗಳನ್ನು ಅಂಟಿಸಿ ಎಲ್ಲವನ್ನೂ ನೆಲಕ್ಕೆ ಹಾಸಿ ಬಂದೆವು. ಬಣ್ಣ ಬಳಿಯುವವರು, ನಲ್ಲಿ ಸರಿಪಡಿಸುವವರು, ನಾವಿಬ್ಬರು ನಾಲ್ಕು ದಿನ ಅದರ ಮೇಲೆಯೂ ಪಕ್ಕದಲ್ಲಿಯೂ ಓಡಾಡಿದ್ದೇವೆ. ಕಾಗದ ಎಲ್ಲೆಲ್ಲಿ ಹರಿದಿದೆ ಎಂದು ನೋಡಿದಾಗ ನನಗೆ ಅಚ್ಚರಿಯಾಯಿತು. ಹಳೆಯ ಸೋಫಾದ ಅಳತೆಗೆ ಹಾಸಿದ್ದ ಕಾಗದದ ಹೊರ ಅಂಚು ಉದ್ದಕ್ಕೂ ಚಿಂದಿಯಾಗಿದೆ, ಅದರೊಳಗೆ 32 ಇಂಚಿಗೆ ಪೆನ್ಸಿಲಿನಲ್ಲಿ ಎಳೆದ ಗೆರೆಯವರೆಗೆ ಮಾತ್ರ ಕಾಗದ ನೆಟ್ಟಗಿದೆ. ಟೀಪಾಯಿಯ ಕಾಗದವಂತೂ ಎರಡನೆಯ ದಿನವೇ ಕಾಲಿಗೆ ಸಿಕ್ಕಿ ಎಲ್ಲಿಯೋ ಹೋಗಿದೆ. ಕಿಟಕಿಯ ಬಳಿಯ ಮೇಜು, ಬೆಂಚಿನ ಕಾಗದಗಳಿಗೆ ಏನೂ ಆಗಿಲ್ಲ.

ಹೀಗಾಗಿ ಸೋಫಾ, ಊಟದ ಮೇಜು, ಟೀಪಾಯಿ ಮೂರನ್ನೂ ಕೊಟ್ಟುಬಿಡುವುದೆಂದು ತೀರ್ಮಾನಿಸಿದ್ದೇವೆ. ಬಿಚ್ಚಿಕೊಳ್ಳುವ ಸೋಫಾದ ಯೋಚನೆ ಬಿಟ್ಟೆವು. ಗೋಡೆಯ ಕಡೆ ಮಲಗಲು ನನ್ನ ಪತಿ ಒಪ್ಪಿದ್ದಾರೆ. ಒಂದೇ ಒಂದು ಸಂದೇಹ ಉಳಿದಿದೆ: ಮಲಗುವ ಕೋಣೆಯಲ್ಲಿ ಮಂಚದ ಕಾಗದದ ಒಂದು ಮೂಲೆ, ಬಾಗಿಲಿನಿಂದ ಒಳಬಂದು ತಿರುಗುವ ಕಡೆ, ಅಂಗೈಯಗಲ ಹರಿದಿದೆ. ಮಂಚವನ್ನು ಇದಕ್ಕಿಂತ ಹಿಂದೆ ಸರಿಸಲು ಜಾಗವಿಲ್ಲ. ಏನು ಮಾಡಬಹುದು?

ಉತ್ತರ 5 | ಬರೆದವರು: ಉಳಿ ಸುತ್ತಿಗೆ

ಆ ಮೂಲೆಯನ್ನು ದುಂಡಗೆ ಮಾಡಿಸಿ. ಕಾಲಿನ ಕಡೆ ಎತ್ತರದ ಹಲಗೆ ಬೇಡವೆಂದು ನಿಮ್ಮ ಬಡಗಿಗೆ ಮೊದಲೇ ಹೇಳಿ. ಮಂಚದ ಚೌಕಟ್ಟು ಹಾಸಿಗೆಯ ಅಳತೆಗಿಂತ ಹೊರಕ್ಕೆ ಚಾಚದಿದ್ದರೆ ತಿರುಗುವಾಗ ಮೊಣಕಾಲಿಗೆ ಮರದ ಬದಲು ಹಾಸಿಗೆಯೇ ತಾಗುತ್ತದೆ. ದುಂಡು ಕನಿಷ್ಠ ಎರಡು ಇಂಚಿನದಾಗಿರಲಿ. ಅದಕ್ಕಿಂತ ಚಿಕ್ಕದಾದರೆ ಅಂಚಿಗೆ ಅಂಟಿಸುವ ಪಟ್ಟಿ ಸರಿಯಾಗಿ ಬಾಗದೆ ಬೇಗನೆ ಏಳುತ್ತದೆ, ಎದ್ದ ಪಟ್ಟಿ ಬಟ್ಟೆಯನ್ನು ಹಿಡಿದು ಹರಿಯುತ್ತದೆ. ಆ ಮೂಲೆಗೆ ಮಾತ್ರ ಗಟ್ಟಿ ಮರದ ತುಂಡು ಕೂಡಿಸಿ ಉಜ್ಜಿದರೆ ಇನ್ನೂ ಒಳ್ಳೆಯದು. ಹರಿದ ಕಾಗದವನ್ನು ಎಸೆಯದೆ ಬಡಗಿಗೆ ಕೊಡಿ, ಎಷ್ಟು ಕತ್ತರಿಸಬೇಕೆಂಬುದು ಅದರಲ್ಲಿಯೇ ಇದೆ.